ಹಣ್ಣು ಹಲಾಲ್, ಆದರೆ ಮುಖಕ್ಕೆ?



ನಮ್ಮ ಊರಿನ ಮದ್ರಸದಲ್ಲಿ ವಾರಕ್ಕೊಮ್ಮೆ ಮಹಿಳೆಯರಿಗಾಗಿ ಒಂದು ತರಗತಿ ನಡೆಯುತ್ತದೆ. ಪರದೆಯ ಆಚೆ ಕುಳಿತ ಸಹೋದರಿಯರು ತಮ್ಮ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಕಳುಹಿಸುತ್ತಾರೆ. ಪಾಠ ಮುಗಿದ ಮೇಲೆ ನಾನು ಒಂದೊಂದನ್ನೇ ಓದಿ ಉತ್ತರಿಸುತ್ತೇನೆ. ಝಕಾತ್, ಕಝಾ ನಮಾಝ್, ಗಂಡನ ಮನೆಯವರ ಹಕ್ಕುಬಾಧ್ಯತೆಗಳು, ಹೀಗೆ ಪ್ರಶ್ನೆಗಳು ಹಲವು. ಕಳೆದ ಬೇಸಿಗೆಯಲ್ಲಿ ಒಂದು ಚೀಟಿ ಬಂತು. ಮುಖದ ಬಣ್ಣ ತಿಳಿಯಾಗಲು ನಿಂಬೆರಸ ಮತ್ತು ಜೇನು ಹಚ್ಚಬಹುದೇ, ಅದರಲ್ಲಿ ಏನಾದರೂ ದೋಷವಿದೆಯೇ ಎಂದು ಕೇಳಲಾಗಿತ್ತು.

ನಾನು ಹೆಚ್ಚು ಯೋಚಿಸಲಿಲ್ಲ. "ಹಣ್ಣು ಅಲ್ಲಾಹನ ಅನುಗ್ರಹ. ಜೇನಿನಲ್ಲಿ ಶಮನವಿದೆಯೆಂದು ಕುರ್‌ಆನೇ ಹೇಳಿದೆ. ಧಾರಾಳವಾಗಿ ಹಚ್ಚಬಹುದು, ಯಾವ ಹಾನಿಯೂ ಇಲ್ಲ. ಪೇಟೆಯ ಕ್ರೀಮಿಗಿಂತ ಇದೇ ಮೇಲು" ಎಂದುಬಿಟ್ಟೆ. ಪರದೆಯ ಆಚೆಯಿಂದ ಮೆಚ್ಚುಗೆಯ ಸದ್ದು ಕೇಳಿತು. ನನಗೂ ಸಂತೋಷವಾಯಿತು. ಮುಂದಿನ ಚೀಟಿಯನ್ನು ತೆಗೆದುಕೊಂಡೆ.

ಎರಡು ವಾರಗಳ ಬಳಿಕ ಒಬ್ಬ ತಾಯಿ ಮದ್ರಸದ ಬಾಗಿಲಲ್ಲಿ ಬಂದು ನಿಂತರು. ಅವರ ಮಗಳ ನಿಕಾಹ್‌ಗೆ ಹತ್ತು ದಿನಗಳಷ್ಟೇ ಉಳಿದಿದ್ದವು. ನನ್ನ ಉತ್ತರ ಕೇಳಿ ಹೋದ ಆ ಹುಡುಗಿ ಎಚ್ಚರದವಳೇ. ಮೊದಲು ರಾತ್ರಿ ಮಲಗುವಾಗ ಮುಂಗೈಗೆ ಸ್ವಲ್ಪ ಹಚ್ಚಿ ನೋಡಿದ್ದಳು. ಏನೂ ಆಗಿರಲಿಲ್ಲ. ಮರುದಿನ ಬೆಳಗ್ಗೆ ಮುಖಕ್ಕೂ ಕುತ್ತಿಗೆಗೂ ಹಚ್ಚಿ, ಅರ್ಧ ಗಂಟೆ ಬಿಟ್ಟು ನೀರಿನಲ್ಲಿ ತೊಳೆದುಕೊಂಡು, ಹಲಸಿನ ಹಪ್ಪಳ ಒಣಗಿಸಲು ತಾಯಿಯ ಜೊತೆ ಟೆರೇಸಿಗೆ ಹೋಗಿದ್ದಳು. ಮಧ್ಯಾಹ್ನದವರೆಗೂ ಬಿಸಿಲು. ಮರುದಿನ ಮುಖ ಕೆಂಪೇರಿತು. ಅದರ ಮರುದಿನ ಕೆನ್ನೆಯಲ್ಲಿ ಗುಳ್ಳೆಗಳೆದ್ದವು. ಹಿಂಡುವಾಗ ರಸ ಹರಿದಿದ್ದ ಮಣಿಕಟ್ಟಿನ ಮೇಲೂ ಗೆರೆ ಎಳೆದಂತೆ ಸುಟ್ಟಿತ್ತು. ಚರ್ಮರೋಗದ ಡಾಕ್ಟರರು ನೋಡಿದ ಕೂಡಲೇ ಕೇಳಿದ ಪ್ರಶ್ನೆ ಒಂದೇ: "ನಿಂಬೆ ಹಿಂಡಿ ಬಿಸಿಲಿಗೆ ಹೋಗಿದ್ದೀರಾ?"

ಆ ತಾಯಿ ನನ್ನನ್ನು ಬೈಯಲಿಲ್ಲ. "ಹಾನಿ ಇಲ್ಲ ಅಂತ ನೀವು ಹೇಳಿದ್ದಿರಿ ಉಸ್ತಾದರೇ, ಅದಕ್ಕೇ ಕೇಳಿ ಹೋಗೋಣ ಅಂತ ಬಂದೆ" ಎಂದಷ್ಟೇ ಹೇಳಿದರು. ಬೈದಿದ್ದರೆ ಒಳ್ಳೆಯದಿತ್ತು. ನಿಕಾಹ್ ನಿಗದಿತ ದಿನದಂದೇ ನಡೆಯಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಗುಳ್ಳೆ ಒಣಗಿದ ಜಾಗದಲ್ಲಿ ಕಂದು ಕಲೆಗಳು ಉಳಿದವು. ಬಂದವರಲ್ಲಿ ಕೆಲವರು ಪಿಸುಗುಟ್ಟಿದರು. ಇದು ಅಂಟುರೋಗವೇ ಎಂದು ಒಬ್ಬಾಕೆ ನೇರವಾಗಿಯೇ ಕೇಳಿದಳಂತೆ. ಕಲೆ ಪೂರ್ತಿ ಮಾಸಲು ತಿಂಗಳುಗಳೇ ಬೇಕಾದವು. ದಿನಕ್ಕೆ ಐದು ಬಾರಿ ವುಝೂವಿನ ನೀರು ಆ ಕೆನ್ನೆಗೆ ತಾಗಿ ಉರಿಯುವಾಗಲೆಲ್ಲ ಆ ಮಗುವಿಗೆ ನನ್ನ ಮಾತು ನೆನಪಾಗದೆ ಇದ್ದೀತೇ?

ಅಂದು ರಾತ್ರಿ ನನಗೆ ನೆನಪಾದದ್ದು ಜಾಬಿರ್(ರ)ರವರು ವರದಿ ಮಾಡಿದ, ಅಬೂದಾವೂದ್‌ನಲ್ಲಿರುವ ಒಂದು ಹದೀಸ್. ಅದನ್ನು ನಾನು ಎಷ್ಟೋ ವರ್ಷಗಳಿಂದ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ಪ್ರಯಾಣದಲ್ಲಿದ್ದ ಒಬ್ಬರ ತಲೆಗೆ ಕಲ್ಲು ತಾಗಿ ಗಾಯವಾಗಿತ್ತು. ಅವರಿಗೆ ಸ್ನಾನ ಕಡ್ಡಾಯವಾಯಿತು. ತಯಮ್ಮುಮ್ ಮಾಡಿದರೆ ಸಾಲದೇ ಎಂದು ಜೊತೆಗಿದ್ದವರನ್ನು ಕೇಳಿದರು. ನೀರು ಸಿಗುವಾಗ ನಿನಗೆ ಆ ರಿಯಾಯಿತಿ ಇಲ್ಲ ಎಂದು ಅವರು ಹೇಳಿದರು. ಆ ಮನುಷ್ಯ ಸ್ನಾನ ಮಾಡಿ ಮರಣ ಹೊಂದಿದರು. ವಿಷಯ ತಿಳಿದ ಪ್ರವಾದಿ(ಸ)ಯವರು ತೀವ್ರವಾಗಿ ನೊಂದು, ಅವರೇ ಆತನನ್ನು ಕೊಂದರೆಂದು ಹೇಳಿದರು. ತಿಳಿಯದಿದ್ದಾಗ ಯಾಕೆ ಕೇಳಲಿಲ್ಲ, ಅಜ್ಞಾನಕ್ಕೆ ಮದ್ದು ಕೇಳುವುದೇ ಅಲ್ಲವೇ ಎಂದು ಗದರಿದರು. ಉತ್ತರ ಕೊಟ್ಟವರು ಕೆಟ್ಟವರಾಗಿರಲಿಲ್ಲ. ಅವರು ದೀನಿನ ಮೇಲಿನ ಪ್ರೀತಿಯಿಂದಲೇ ಹೇಳಿದ್ದರು. ಆದರೆ ಚರ್ಮದ ಮೇಲೊಂದು ಗಾಯವಿದೆ, ಅದಕ್ಕೆ ನೀರು ತಾಗಿದರೆ ಏನಾಗುತ್ತದೆ ಎಂಬುದನ್ನು ಅವರು ವಿಚಾರಿಸಲಿಲ್ಲ. ವೈದ್ಯ ಗೊತ್ತಿಲ್ಲದೆ ಚಿಕಿತ್ಸೆ ಮಾಡುವವನು ಅದರ ಹೊಣೆ ಹೊರಬೇಕೆಂದು ಇನ್ನೊಂದು ಹದೀಸ್‌ನಲ್ಲಿದೆ. ಬಾಯಿಮಾತಿನ ಮದ್ದು ಹೇಳುವ ನಾವೆಲ್ಲರೂ ಆ ಸಾಲಿನಲ್ಲೇ ನಿಂತಿದ್ದೇವೆ.

ಹಾಗಾಗಿ ಆ ಡಾಕ್ಟರರ ಬಳಿಗೆ ನಾನೇ ಹೋದೆ. ಅವರು ತಾಳ್ಮೆಯಿಂದ ತಿಳಿಸಿದರು, ಓದಲು ಕೆಲವು ಬರಹಗಳನ್ನೂ ಕೊಟ್ಟರು. ಆಗ ಅರಿತದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ನಿಂಬೆಯಲ್ಲಿ, ಅದರಲ್ಲೂ ಅದರ ಸಿಪ್ಪೆಯಲ್ಲಿ, ಸೊರಾಲೆನ್ ಎಂಬ ಜಾತಿಯ ವಸ್ತುಗಳಿವೆ. ಕತ್ತಲಲ್ಲಿ ಅವು ಚರ್ಮಕ್ಕೆ ಏನೂ ಮಾಡುವುದಿಲ್ಲ. ಬಿಸಿಲಿನ ಅತಿನೇರಳೆ ಕಿರಣ ಬಿದ್ದಾಗ ಮಾತ್ರ ಅವು ಚರ್ಮದ ಕಣಗಳನ್ನು ಸುಡುತ್ತವೆ. ಸುಟ್ಟದ್ದು ಆ ಕ್ಷಣಕ್ಕೆ ಗೊತ್ತಾಗುವುದೂ ಇಲ್ಲ. ಒಂದು ದಿನ, ಎರಡು ದಿನ, ಕೆಲವೊಮ್ಮೆ ಮೂರನೆಯ ದಿನ ಗುಳ್ಳೆಗಳೇಳುತ್ತವೆ. ಆಮೇಲೆ ಉಳಿಯುವ ಕಪ್ಪು ವಾರಗಟ್ಟಲೆ, ತಿಂಗಳುಗಟ್ಟಲೆ ಇರುತ್ತದೆ. ಆ ಹುಡುಗಿ ರಾತ್ರಿ ಮುಂಗೈಗೆ ಹಚ್ಚಿ ನೋಡಿದ ಪರೀಕ್ಷೆ ಯಾಕೆ ಫಲಿಸಲಿಲ್ಲವೆಂದು ಈಗ ನಿಮಗೂ ಅರ್ಥವಾಗಿರಬೇಕು. ಆ ಪರೀಕ್ಷೆಯಲ್ಲಿ ಬಿಸಿಲೇ ಇರಲಿಲ್ಲ.

ಇದು ಇಂದು ನಿನ್ನೆ ಗೊತ್ತಾದ ಸಂಗತಿಯೇನಲ್ಲ ಎಂಬುದು ನನ್ನನ್ನು ಇನ್ನಷ್ಟು ನಾಚಿಸಿತು. ಅಂದಲೂಸಿಯಾದಲ್ಲಿ ಹುಟ್ಟಿ 1248ರಲ್ಲಿ ಮರಣ ಹೊಂದಿದ ಮುಸ್ಲಿಮ್ ಸಸ್ಯಶಾಸ್ತ್ರಜ್ಞ ಇಬ್ನುಲ್ ಬೈತಾರ್, ಔಷಧ ಸಸ್ಯಗಳ ಕುರಿತ ತಮ್ಮ ಮಹಾಗ್ರಂಥದಲ್ಲಿ ಆತ್ರಿಲಾಲ್ ಎಂಬ ಗಿಡದ ಬೀಜವನ್ನು ತೊನ್ನಿನ ಚಿಕಿತ್ಸೆಗೆ ಬಳಸುವ ಬಗ್ಗೆ ಬರೆದಿದ್ದಾರೆ. ಬೀಜವನ್ನು ಕೊಟ್ಟು ರೋಗಿಯನ್ನು ಬಿಸಿಲಿನಲ್ಲಿ ಕೂರಿಸುತ್ತಿದ್ದರು. ಬಿಳಿ ಮಚ್ಚೆಗೆ ಬಣ್ಣ ಬರಲೆಂದು! ಆ ಬೀಜದಲ್ಲಿರುವುದೂ ಇದೇ ಸೊರಾಲೆನ್. ನಮ್ಮ ನಾಡಿನ ವೈದ್ಯರು ತೊನ್ನಿಗೆ ಬಳಸುತ್ತಿದ್ದ ಬಾವಂಚಿ ಬೀಜದಲ್ಲಿರುವುದೂ ಅದೇ. ಚರ್ಮವನ್ನು ಕಪ್ಪಾಗಿಸಲು ವೈದ್ಯರು ಅಳತೆ ಹಾಕಿ ಬಳಸಿದ ವಸ್ತುವನ್ನು ನಾವು ಬೆಳ್ಳಗಾಗಲು ಅಳತೆಯಿಲ್ಲದೆ ಮೆತ್ತಿಕೊಳ್ಳುತ್ತಿದ್ದೇವೆ. ನಮ್ಮದೇ ಪೂರ್ವಿಕ ವಿದ್ವಾಂಸರು ಬರೆದಿಟ್ಟದ್ದನ್ನು ನಾವು ಓದದೆ ಹೋದೆವು.

ಮುಖಕ್ಕೆ ಹಚ್ಚದವರೂ ಇಲ್ಲಿ ಗಮನಿಸಬೇಕಾದದ್ದಿದೆ. ಮದುವೆಯ ಮನೆಯಲ್ಲಿ ಬಂದವರಿಗೆ ಶರಬತ್ತು ಮಾಡಲು ಬುಟ್ಟಿಗಟ್ಟಲೆ ನಿಂಬೆ ಹಿಂಡುತ್ತಾರೆ. ಹಿಂಡಿದ ಕೈಯನ್ನು ಒರೆಸಿಕೊಂಡು ಅಂಗಳದ ಬಿಸಿಲಿಗೆ ಹೋಗುತ್ತಾರೆ. ಎರಡು ದಿನ ಕಳೆದು ಕೈ ಕಪ್ಪಾದಾಗ ಯಾರಿಗೂ ಕಾರಣ ಹೊಳೆಯುವುದಿಲ್ಲ. ಸಾಬೂನು ಹಾಕಿ ಚೆನ್ನಾಗಿ ತೊಳೆದು ಹೊರಡುವುದು ಒಳ್ಳೆಯದು. ಇನ್ನೊಂದು ಸಂಗತಿ ಕೇಳಿ ನಾನು ಬೆಚ್ಚಿಬಿದ್ದೆ. ನಿಂಬೆ ಹಿಂಡಿದ ಕೈಯಿಂದ ತಾಯಿ ಮಗುವನ್ನು ಎತ್ತಿಕೊಂಡು ಬಿಸಿಲಿಗೆ ಬಂದರೆ, ಆಕೆಯ ಬೆರಳುಗಳ ಗುರುತು ಮಗುವಿನ ಮೈಮೇಲೆ ಬಾಸುಂಡೆಯಂತೆ ಮೂಡುತ್ತದೆ. ಇದನ್ನು ನೋಡಿ ಮಗುವನ್ನು ಹೊಡೆದಿದ್ದಾರೆಂದು ವೈದ್ಯರೇ ಸಂಶಯಪಟ್ಟ ಪ್ರಕರಣಗಳು ವೈದ್ಯಕೀಯ ಗ್ರಂಥಗಳಲ್ಲಿ ದಾಖಲಾಗಿವೆ. ಸಂಶಯದಿಂದ ದೂರವಿರಿ ಎಂಬ ಹುಜುರಾತ್ ಅಧ್ಯಾಯದ ಆದೇಶ ಎಂತೆಂಥ ಕಡೆಗೆಲ್ಲ ಬಂದು ತಲುಪುತ್ತದೆ ನೋಡಿ. ಪುಟ್ಟ ಮಗುವೊಂದರ ತೋಳಿನ ಮೇಲೆ ಅಂತಹ ಗುರುತು ಕಂಡು ನೆರೆಮನೆಯ ತಾಯಿಯ ಬಗ್ಗೆ ಮಾತನಾಡುವ ಮುನ್ನ ಒಮ್ಮೆ ನಿಂಬೆಯನ್ನು ನೆನೆಯಿರಿ.

ಇನ್ನು ಪಪ್ಪಾಯಿಯ ವಿಚಾರ. ನಮ್ಮ ಅಡಿಗೆಮನೆಯ ಹೆಂಗಸರಿಗೆ ಇದನ್ನು ನಾನು ಕಲಿಸಬೇಕಾಗಿಲ್ಲ. ಬಲಿತ ಮಾಂಸ ಬೇಗ ಬೇಯಲೆಂದು ಕಾಯಿ ಪಪ್ಪಾಯಿಯನ್ನು ಅರೆದು ಸವರಿಡುತ್ತೀರಲ್ಲವೇ? ಅದರ ಹಾಲಿನಲ್ಲಿರುವ ಪಪೈನ್ ಎಂಬ ವಸ್ತು ಮಾಂಸದ ಎಳೆಗಳನ್ನು ಕರಗಿಸುತ್ತದೆ. ಮಾಂಸವನ್ನು ಮೆತ್ತಗಾಗಿಸುವ ವಸ್ತು ನಿಮ್ಮ ಕೆನ್ನೆಯನ್ನು ಮಾತ್ರ ಬಿಟ್ಟುಬಿಡಬೇಕೆಂದರೆ ಹೇಗೆ? ಅನಾನಸಿನಲ್ಲಿಯೂ ಇಂಥದ್ದೇ ಒಂದು ವಸ್ತುವಿದೆ. ಹೆಚ್ಚು ತಿಂದಾಗ ನಾಲಿಗೆ ತುರಿಸುವುದು ಎಲ್ಲರಿಗೂ ಗೊತ್ತು. ಗಾಯ ಮತ್ತು ಹುಣ್ಣುಗಳಿಗೆ ಹಚ್ಚುವ, ಪಪೈನ್ ಬೆರೆಸಿದ ಅನುಮೋದನೆಯಿಲ್ಲದ ಮುಲಾಮುಗಳ ಮಾರಾಟವನ್ನು ನಿಲ್ಲಿಸುವಂತೆ ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2008ರಲ್ಲಿ ಆದೇಶಿಸಿತು. ಅವನ್ನು ಹಚ್ಚಿಕೊಂಡ ಕೆಲವರಿಗೆ ರಕ್ತದೊತ್ತಡ ಕುಸಿಯುವಷ್ಟು ಗಂಭೀರವಾದ ಅಲರ್ಜಿ ಉಂಟಾಗಿತ್ತು. ರಬ್ಬರಿನ ಕೈಚೀಲ, ಬಲೂನು ತಾಗಿದರೆ ಮೈ ತುರಿಸುವವರಿಗೆ ಪಪ್ಪಾಯಿ, ಬಾಳೆ, ಬೆಣ್ಣೆಹಣ್ಣು, ಕಿವಿ ಹಣ್ಣುಗಳೂ ಒಗ್ಗದೆ ಹೋಗಬಹುದು. ನಮ್ಮ ಕಡೆ ರಬ್ಬರ್ ತೋಟದಲ್ಲಿ ದುಡಿಯುವ ಕುಟುಂಬಗಳು ಬಹಳ. ಅಂಥವರು ಈ ಮಾತನ್ನು ನೆನಪಿನಲ್ಲಿಡಬೇಕು.

ಪೇಟೆಯಲ್ಲಿ ಸಿಗುವ ಕ್ರೀಮುಗಳ ಡಬ್ಬಿಯ ಮೇಲೆ ಹಣ್ಣಿನ ಆಮ್ಲ ಎಂದಿರುತ್ತದೆ. ಸೇಬಿನ ಮ್ಯಾಲಿಕ್ ಆಮ್ಲ, ದ್ರಾಕ್ಷಿಯ ಟಾರ್ಟಾರಿಕ್, ನಿಂಬೆಯ ಸಿಟ್ರಿಕ್, ಕಬ್ಬಿನಲ್ಲಿರುವ ಗ್ಲೈಕಾಲಿಕ್. ಇವುಗಳನ್ನೆಲ್ಲ ಒಟ್ಟಾಗಿ ಆಲ್ಫಾ ಹೈಡ್ರಾಕ್ಸಿ ಆಮ್ಲಗಳೆನ್ನುತ್ತಾರೆ. ಡಬ್ಬಿಯ ಮೇಲೆ ಹಣ್ಣಿನ ಚಿತ್ರವಿದ್ದರೂ ಒಳಗಿರುವುದು ಅನೇಕ ವೇಳೆ ಕಾರ್ಖಾನೆಯಲ್ಲಿ ತಯಾರಾದ ಆಮ್ಲವೇ. ಅದರಿಂದ ಅದು ಕೆಟ್ಟದ್ದಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಅಳತೆಯಿರುವುದು ಕಾರ್ಖಾನೆಯ ವಸ್ತುವಿಗೇ. ಸೌಂದರ್ಯ ಸಾಧನಗಳನ್ನು ಪರಿಶೀಲಿಸುವ ಅಮೆರಿಕದ ತಜ್ಞರ ಸಮಿತಿಯೊಂದು 1998ರಲ್ಲಿ ಗ್ಲೈಕಾಲಿಕ್ ಮತ್ತು ಲ್ಯಾಕ್ಟಿಕ್ ಆಮ್ಲಗಳ ಬಗ್ಗೆ ತನ್ನ ತೀರ್ಮಾನವನ್ನು ಪ್ರಕಟಿಸಿತು. ಮನೆಯಲ್ಲಿ ಬಳಸುವ ವಸ್ತುವಿನಲ್ಲಿ ಆಮ್ಲ ಶೇಕಡಾ 10ನ್ನು ಮೀರಬಾರದು, ಪಿಎಚ್ 3.5ಕ್ಕಿಂತ ಕೆಳಗಿಳಿಯಬಾರದು, ಬಿಸಿಲಿನಿಂದ ರಕ್ಷಿಸಿಕೊಳ್ಳುವ ಸೂಚನೆಯೂ ಜೊತೆಗಿರಬೇಕು ಎಂದು. ಪಿಎಚ್ ಎಂದರೆ ಹುಳಿಯ ಅಳತೆ. ಸಂಖ್ಯೆ ಇಳಿದಂತೆ ಹುಳಿ ಏರುತ್ತದೆ. ನಮ್ಮ ಅಡಿಗೆಮನೆಯ ನಿಂಬೆರಸ ಎಷ್ಟಿದೆ ಗೊತ್ತೇ? ಎರಡರಿಂದ ಮೂರರ ನಡುವೆ. ಪೇಟೆಯ ಕ್ರೀಮಿಗಿಂತ ನಿಂಬೆಯೇ ಮೇಲೆಂದು ನಾನು ಹೇಳಿದ್ದೆನಲ್ಲ, ಆ ಮಾತಿನ ಬೆಲೆ ಇಷ್ಟು.

ಈ ಆಮ್ಲಗಳು ಚರ್ಮದ ಮೇಲ್ಪದರವನ್ನು ತೆಳ್ಳಗೆ ಎಬ್ಬಿಸುತ್ತವೆ. ಆದುದರಿಂದಲೇ ಮುಖ ಹೊಳೆಯುವಂತೆ ಕಾಣುತ್ತದೆ. ಆದುದರಿಂದಲೇ ಬಿಸಿಲು ಬೇಗ ಸುಡುತ್ತದೆ. ಬಳಸುವುದನ್ನು ಬಿಟ್ಟ ಬಳಿಕವೂ ಒಂದು ವಾರದ ಮಟ್ಟಿಗೆ ಬಿಸಿಲಿನಿಂದ ಎಚ್ಚರವಾಗಿರಬೇಕೆಂದು ಅಮೆರಿಕದ ಇಲಾಖೆ 2005ರಿಂದ ಲೇಬಲ್ಲಿನಲ್ಲಿ ಬರೆಯಲು ಸೂಚಿಸಿದೆ.

ಹಾಗಾದರೆ ಹಣ್ಣೆಲ್ಲ ಕೆಟ್ಟದ್ದೇ? ನಾನು ಹಾಗೆ ಹೇಳಲಾರೆ. ಒಡೆದ ಹಿಮ್ಮಡಿಗೆ ಪುನರ್ಪುಳಿ ಬೀಜದ ತುಪ್ಪ ಸವರಿದವರಿಗೆ ಅದರ ಗುಣ ಗೊತ್ತು. ಉತ್ತರ ಕನ್ನಡದವರು ಅದನ್ನು ಮುರುಗಲ ತುಪ್ಪವೆನ್ನುತ್ತಾರೆ. ತೆಂಗಿನೆಣ್ಣೆಯ ಬಗ್ಗೆ ಕರಾವಳಿಯವರಿಗೆ ಹೇಳುವುದೇನಿದೆ? ಝೈತೂನಿನ ಎಣ್ಣೆಯನ್ನು ತಿನ್ನಲೂ ಮೈಗೆ ಹಚ್ಚಲೂ ಪ್ರವಾದಿ(ಸ)ಯವರು ಪ್ರೇರೇಪಿಸಿದ್ದು ತಿರ್ಮಿದಿಯಲ್ಲಿದೆ. ಈ ಎಣ್ಣೆ ತುಪ್ಪಗಳಲ್ಲಿ ನಿಂಬೆಯ ಹುಳಿಯೂ ಇಲ್ಲ, ಪಪ್ಪಾಯಿಯ ಹಾಲೂ ಇಲ್ಲ. ವ್ಯತ್ಯಾಸ ಇರುವುದು ಯಾವ ಹಣ್ಣು, ಅದರ ಯಾವ ಭಾಗ, ಎಷ್ಟು, ಯಾವಾಗ ಎಂಬುದರಲ್ಲಿ. ಇದು ನಮಗೆ ಗೊತ್ತಿರದ ವಿಷಯವೂ ಅಲ್ಲ. ಮಾವಿನಕಾಯಿ ಕೀಳುವಾಗ ಸೊನೆ ತಾಗಿ ತುಟಿಯ ಅಂಚು ಸುಟ್ಟುಕೊಳ್ಳದೆ ಬೆಳೆದ ಮಕ್ಕಳು ನಮ್ಮಲ್ಲಿ ಎಷ್ಟಿದ್ದಾರೆ? ಗೇರುಬೀಜ ಸುಡುವಾಗ ಅದರ ಎಣ್ಣೆ ಸಿಡಿದು ಕೈ ಬೊಬ್ಬೆ ಬಂದವರಿಲ್ಲವೇ? ಒಳಗಿನ ತಿರುಳು ತಿನ್ನುತ್ತೇವೆ, ಹೊರಗಿನ ಎಣ್ಣೆಗೆ ಹೆದರುತ್ತೇವೆ. ಹಿರಿಯರು ಇದನ್ನು ಅನುಭವದಿಂದ ಕಲಿತರು. ಚಂದದ ಡಬ್ಬಿಯೂ ಮೊಬೈಲಿನ ವೀಡಿಯೋವೂ ಬಂದ ಮೇಲೆ ನಾವು ಅದನ್ನು ಮರೆತೆವು.

ಪವಿತ್ರ ಕುರ್‌ಆನಿನ ನಹ್ಲ್ ಅಧ್ಯಾಯದ 67ನೇ ಸೂಕ್ತವನ್ನು ತೆರೆದು ನೋಡಿ. ಖರ್ಜೂರ ಮತ್ತು ದ್ರಾಕ್ಷಿಯ ಫಲಗಳಿಂದ ಜನರು ಅಮಲು ಪದಾರ್ಥವನ್ನೂ ಪಡೆಯುತ್ತಾರೆ, ಉತ್ತಮ ಆಹಾರವನ್ನೂ ಪಡೆಯುತ್ತಾರೆ ಎಂದು ಅಲ್ಲಾಹನು ಅಲ್ಲಿ ತಿಳಿಸುತ್ತಾನೆ. ಹಣ್ಣು ಒಂದೇ. ಮನುಷ್ಯನ ಕೈ ಅದನ್ನು ಎಲ್ಲಿಗೆ ಒಯ್ಯುತ್ತದೆ ಎಂಬುದರ ಮೇಲೆ ಅದರ ವಿಧಿ ಬದಲಾಗುತ್ತದೆ. ವಿವೇಕಿಗಳಿಗೆ ಇದರಲ್ಲಿ ನಿದರ್ಶನವಿದೆಯೆಂದು ಆ ಸೂಕ್ತ ಮುಗಿಯುತ್ತದೆ. ನಾನು ಬಿ.ಎ. ಓದುವಾಗಲೂ ಮದ್ರಸದಲ್ಲೂ ಈ ಸೂಕ್ತವನ್ನು ಮದ್ಯದ ಚರ್ಚೆಗಷ್ಟೇ ಬಳಸಿದ್ದೆ.

ಕ್ರೀಮು ಕೊಳ್ಳುವಾಗ ನಮ್ಮವರು ಕೇಳುವ ಪ್ರಶ್ನೆ ಎರಡು: ಇದರಲ್ಲಿ ಹಂದಿಯ ಕೊಬ್ಬು ಇದೆಯೇ? ಆಲ್ಕೊಹಾಲ್ ಇದೆಯೇ? ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ಅಲ್ಲಿಗೇ ನಿಲ್ಲಿಸಿಬಿಡುತ್ತೇವೆ. ಹಲಾಲ್ ಜೊತೆಗೆ ತಯ್ಯಿಬ್ ಎಂಬ ಮಾತನ್ನೂ ಅಲ್ಲಾಹನು ಬಕರ ಅಧ್ಯಾಯದಲ್ಲಿ ಸೇರಿಸಿ ಹೇಳಿದ್ದಾನೆ. ಅಂದರೆ ಶುದ್ಧವೂ ಹಿತವೂ ಆದದ್ದು. ತನಗಾಗಲಿ ಪರರಿಗಾಗಲಿ ಹಾನಿ ಮಾಡಬಾರದೆಂಬ ಹದೀಸಿನ ತಳಹದಿಯ ಮೇಲೆ ನಮ್ಮ ಫುಕಹಾಗಳು ಎಷ್ಟೋ ಕರ್ಮಶಾಸ್ತ್ರ ವಿಧಿಗಳನ್ನು ಕಟ್ಟಿದ್ದಾರೆ. ಶರೀರಕ್ಕೂ ನಿನ್ನ ಮೇಲೆ ಹಕ್ಕಿದೆಯೆಂದು ಅಬ್ದುಲ್ಲಾ ಬಿನ್ ಅಮ್ರ್(ರ)ರಿಗೆ ಪ್ರವಾದಿ(ಸ)ಯವರು ನೆನಪಿಸಿದ್ದು, ಅವರು ಉಪವಾಸ ಮತ್ತು ರಾತ್ರಿಯ ನಮಾಝಿನಲ್ಲಿ ಅತಿಯಾದಾಗ. ಇಬಾದತ್ತಿನಲ್ಲೇ ಶರೀರದ ಹಕ್ಕು ಕಡೆಗಣಿಸುವಂತಿಲ್ಲವಾದರೆ ಅಲಂಕಾರದಲ್ಲಿ ಕಡೆಗಣಿಸಬಹುದೇ?

ಮಾರುವವರಿಗೂ ಒಂದು ಮಾತಿದೆ. ಇತ್ತೀಚೆಗೆ ನಮ್ಮ ಅನೇಕ ಸಹೋದರಿಯರು ಮನೆಯಲ್ಲೇ ಹಣ್ಣಿನ ಕ್ರೀಮು, ಸಾಬೂನು ತಯಾರಿಸಿ ವಾಟ್ಸಾಪಿನಲ್ಲಿ ಮಾರುತ್ತಿದ್ದಾರೆ. ಸ್ವಂತ ದುಡಿಮೆಯ ಬಗ್ಗೆ ನನಗೆ ಗೌರವವಿದೆ. ಆದರೆ ಕತ್ತರಿಸಿದ ಹಣ್ಣು ಅಡಿಗೆಮನೆಯಲ್ಲಿ ಎಷ್ಟು ಹೊತ್ತು ಕೆಡದೆ ಉಳಿಯುತ್ತದೆ? ನೀರಿನಂಶವಿರುವ ಕ್ರೀಮಿಗೆ ಕೆಡದಂತೆ ತಡೆಯುವ ವಸ್ತುವನ್ನು ಹಾಕದಿದ್ದರೆ ಅದರಲ್ಲಿ ಕಣ್ಣಿಗೆ ಕಾಣದ ಬೂಷ್ಟು, ರೋಗಾಣು ಬೆಳೆಯುತ್ತವೆ. "ರಾಸಾಯನಿಕ ಸೇರಿಸಿಲ್ಲ" ಎಂದು ಹೆಮ್ಮೆಯಿಂದ ಬರೆಯುವುದು ಇದೇ ಕೊರತೆಯನ್ನು. ನಮ್ಮ ದೇಶದಲ್ಲಿ 1940ರ ಔಷಧ ಮತ್ತು ಸೌಂದರ್ಯ ಸಾಧನಗಳ ಕಾಯ್ದೆಯೂ 2020ರ ಸೌಂದರ್ಯ ಸಾಧನಗಳ ನಿಯಮಗಳೂ ಇವೆ. ಮಾರಲು ತಯಾರಿಸುವವರಿಗೆ ಪರವಾನಗಿ ಬೇಕು. ತಯಾರಕರ ಹೆಸರು ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಎಷ್ಟರೊಳಗೆ ಬಳಸಬೇಕು, ಒಳಗೇನಿದೆ ಎಂಬುದು ಲೇಬಲ್ಲಿನಲ್ಲಿರಬೇಕು. ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಹಾಕಿ ಒಳಗಿನ ತೇವವನ್ನು ಕಂಡ ಪ್ರವಾದಿ(ಸ)ಯವರು, ಜನರಿಗೆ ಕಾಣುವಂತೆ ಅದನ್ನು ಮೇಲೆ ಇಡಬಾರದಿತ್ತೇ ಎಂದು ವ್ಯಾಪಾರಿಯನ್ನು ಕೇಳಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ಮಳೆ ಬಿದ್ದು ಒದ್ದೆಯಾದದ್ದು ಅವನ ತಪ್ಪಾಗಿರಲಿಲ್ಲ. ಮುಚ್ಚಿಟ್ಟದ್ದು ತಪ್ಪಾಯಿತು. ಲೇಬಲ್ಲೆಂದರೆ ಒದ್ದೆ ಧಾನ್ಯವನ್ನು ಮೇಲಿಡುವುದು.

ಕೊಳ್ಳುವವರು, ಹಚ್ಚುವವರು ಮಾಡಬೇಕಾದದ್ದು ಬಹಳವೇನಿಲ್ಲ. ನಿಂಬೆ, ಮೂಸಂಬಿ ಜಾತಿಯ ರಸವನ್ನು, ಅದರ ಸಿಪ್ಪೆಯನ್ನು ಮುಖಕ್ಕೆ ತರಬೇಡಿ. ಹೊಸ ಕ್ರೀಮನ್ನು ಮೊಣಕೈಯ ಒಳಬದಿಯಲ್ಲಿ ಒಂದೇ ಜಾಗಕ್ಕೆ ದಿನಕ್ಕೆರಡು ಬಾರಿಯಂತೆ ಒಂದು ವಾರ, ಹತ್ತು ದಿನ ಹಚ್ಚಿ ನೋಡಿ. ಒಂದು ರಾತ್ರಿಯ ಪರೀಕ್ಷೆ ಸಾಲದು. ಹಣ್ಣಿನ ಆಮ್ಲವಿರುವುದನ್ನು ಬಳಸಿದರೆ ಬಿಸಿಲಿಗೆ ಹೋಗುವಾಗ ಮುಖವನ್ನು ಕಾಪಾಡಿಕೊಳ್ಳಿ. ಉರಿ, ಊತ ಕಂಡರೆ ಕೂಡಲೇ ತೊಳೆದು ಬಿಟ್ಟುಬಿಡಿ. ತುಟಿ ಬಾತು ಉಸಿರಾಟಕ್ಕೆ ತೊಂದರೆಯಾದರೆ ಆಸ್ಪತ್ರೆಗೆ ಓಡಿ, ಉಸ್ತಾದರ ಬಳಿಗೆ ಬರಬೇಡಿ. ಮಕ್ಕಳ ಮುಖಕ್ಕೆ ಈ ಯಾವ ಪ್ರಯೋಗವೂ ಬೇಡ.

ಹೇಳದೆ ಬಿಟ್ಟರೆ ತಪ್ಪಾಗುವ ಒಂದು ಮಾತು ಉಳಿದಿದೆ. ಆ ಹುಡುಗಿ ಲಕ್ಷಣವಾಗಿಯೇ ಇದ್ದಳು. ಎಣ್ಣೆಗಪ್ಪು ಬಣ್ಣ, ಅಷ್ಟೇ. ನೋಡಲು ಬಂದವರು "ಮದುವೆಯ ಹೊತ್ತಿಗೆ ಸ್ವಲ್ಪ ಬೆಳ್ಳಗಾಗಲಿ" ಎಂದು ನಗುತ್ತ ಹೇಳಿ ಹೋಗಿದ್ದರಂತೆ. ಬಿಳಿಯನಿಗೆ ಕರಿಯನ ಮೇಲೆ ಯಾವ ಶ್ರೇಷ್ಠತೆಯೂ ಇಲ್ಲವೆಂದು ಸಾರಿದ ಪ್ರವಾದಿ(ಸ)ಯವರ ಅನುಯಾಯಿಗಳ ಮನೆಯಲ್ಲಿ ಆಡಿದ ಮಾತು ಇದು. ಆ ಚೀಟಿ ಅಲ್ಲಿಂದ ಬಂದಿತ್ತು. ಅದನ್ನು ಓದಿದಾಗ ನಾನು ಬಣ್ಣದ ಬಗ್ಗೆಯಾದರೂ ಒಂದು ಮಾತು ಹೇಳಬಹುದಿತ್ತು. ಅದನ್ನೂ ಹೇಳಲಿಲ್ಲ.

ನಾನು ಆ ಮನೆಗೆ ಹೋಗಿ ಕ್ಷಮೆ ಕೇಳಿದೆ. ಮುಂದಿನ ತರಗತಿಯಲ್ಲಿ ಎಲ್ಲರ ಎದುರು ನನ್ನ ಉತ್ತರ ತಪ್ಪೆಂದು ಒಪ್ಪಿಕೊಂಡೆ. ಆ ಹುಡುಗಿಯ ಹೆಸರೆತ್ತಲಿಲ್ಲ. ಆಮೇಲೆ ಕೆಲವು ವಾರ ಚೀಟಿಗಳೇ ಬರಲಿಲ್ಲ.

ಮೊನ್ನೆ ಒಂದು ಬಂತು. ಕಿತ್ತಳೆ ಸಿಪ್ಪೆಯ ಪುಡಿಯನ್ನು ಕಡಲೆಹಿಟ್ಟಿನಲ್ಲಿ ಕಲಸಿ ಮಗುವಿನ ಮೈಗೆ ಉಜ್ಜಬಹುದೇ ಎಂದು. ಗಟ್ಟಿಯಾಗಿ ಓದಿದೆ. "ಇದು ನನಗೆ ಗೊತ್ತಿಲ್ಲ, ಡಾಕ್ಟರರನ್ನು ಕೇಳಿ ಹೇಳುತ್ತೇನೆ, ಅಲ್ಲಿಯವರೆಗೆ ಉಜ್ಜಬೇಡಿ" ಎಂದು ಹೇಳಿ, ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.